ಕರುಳು ಮಾಗಿದೆ, ಭಯ ಮಾಗಿಲ್ಲ: ಮನೋಚಿಕಿತ್ಸೆಯಿಂದ ನಿಜಕ್ಕೂ ಉಪಯೋಗವಿದೆಯೇ?

ಪ್ರಶ್ನೆ ಕೇಳಿದವರು: ಮುಂಜಾವು

ಎಲ್ಲರಿಗೂ ನಮಸ್ಕಾರ. ನನಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಒಳಪೊರೆ ಉರಿಯೂತದಿಂದ ಹುಣ್ಣಾಗುವ ಕಾಯಿಲೆ, ಇರುವುದು ಗೊತ್ತಾಗಿ ಆರು ವರ್ಷಗಳಾದವು. ಮೊದಲ ಮೂರು ವರ್ಷ ಕಾಯಿಲೆ ಮೇಲಿಂದ ಮೇಲೆ ಕೆರಳುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ಶೌಚಾಲಯಕ್ಕೆ ಓಡುವುದು, ಮಲದಲ್ಲಿ ರಕ್ತ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ, ಎರಡು ಬಾರಿ ಆಸ್ಪತ್ರೆವಾಸ, ಎಲ್ಲವನ್ನೂ ಕಂಡೆ. ಔಷಧಿ ಬದಲಾಯಿಸಿದ ಮೇಲೆ ಕಾಯಿಲೆ ಹತೋಟಿಗೆ ಬಂತು. ಇತ್ತೀಚಿನ ಕೊಲೊನೋಸ್ಕೋಪಿಯಲ್ಲಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಕರುಳಿನ ಒಳಪೊರೆ ಮಾಗಿರುವುದು ಕಂಡುಬಂದಿದೆ; ಕರುಳಿನ ಉರಿಯೂತವನ್ನು ಸೂಚಿಸುವ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನಿನ ಪ್ರಮಾಣವೂ ಮಲದಲ್ಲಿ ಸಹಜ ಮಿತಿಯೊಳಗಿದೆ.

ಇಷ್ಟಾದರೂ ನಾನು ಇನ್ನೂ ಆ ಮೂರು ವರ್ಷಗಳಲ್ಲಿಯೇ ಬದುಕುತ್ತಿದ್ದೇನೆ. ಹೊರಗೆ ಹೋಗುವ ದಿನ ಮನೆಗೆ ಮರಳುವವರೆಗೂ ಏನನ್ನೂ ತಿನ್ನುವುದಿಲ್ಲ. ಶೌಚಾಲಯ ಎಲ್ಲಿದೆ ಎಂದು ತಿಳಿಯದೆ ಯಾವ ಕಟ್ಟಡದೊಳಗೂ ಕಾಲಿಡುವುದಿಲ್ಲ. ಸಭೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಹೊಟ್ಟೆ ಸ್ವಲ್ಪ ಗುಡುಗುಡು ಎಂದರೂ ಎದೆ ಹೊಡೆದುಕೊಳ್ಳುತ್ತದೆ, ಎದೆ ಹೊಡೆದುಕೊಂಡಷ್ಟೂ ಹೊಟ್ಟೆ ಇನ್ನಷ್ಟು ಹಿಂಡುತ್ತದೆ. ರಾತ್ರಿ ಮಲಗಿದಾಗ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಹೊಟ್ಟೆಗೆ ಮಲ ಸಂಗ್ರಹಿಸುವ ಚೀಲ ಕಟ್ಟಿಕೊಂಡು ಬದುಕುವುದು, ಇವೇ ಯೋಚನೆಗಳು ಸರತಿಯಲ್ಲಿ ಬರುತ್ತವೆ.

ಕಳೆದ ಭೇಟಿಯಲ್ಲಿ ವೈದ್ಯರು ಒಬ್ಬ ಮನಶ್ಶಾಸ್ತ್ರಜ್ಞರನ್ನು ಕಾಣುವಂತೆ ಸೂಚಿಸಿದರು. ಅವರು ಮೃದುವಾಗಿಯೇ ಹೇಳಿದರೂ ನನಗೆ ಕಪಾಳಕ್ಕೆ ಹೊಡೆದಂತಾಯಿತು. ಕಾಯಿಲೆ ಪತ್ತೆಯಾಗುವ ಮೊದಲು ಒಂದೂವರೆ ವರ್ಷ ಎಲ್ಲರೂ ನನಗೆ ಹೇಳಿದ್ದು ಒಂದೇ ಮಾತು: ಟೆನ್ಷನ್ ಮಾಡಿಕೊಳ್ಳಬೇಡ, ಎಲ್ಲ ಸರಿಹೋಗುತ್ತದೆ. ರಕ್ತ ಹೋಗುತ್ತಿದ್ದಾಗಲೂ ಅದನ್ನೇ ಹೇಳಿದರು. ಈಗ ಮತ್ತೆ ಅಲ್ಲಿಗೇ ಬಂದು ನಿಂತಂತೆ ಅನ್ನಿಸುತ್ತಿದೆ. ನನ್ನ ಕಾಯಿಲೆ ಮನಸ್ಸಿನದು ಎಂದು ಇದರ ಅರ್ಥವೇ? ಅಲ್ಲಿ ಹೋದರೆ ಏನು ಮಾಡಿಸುತ್ತಾರೆ? ಅದರಿಂದ ಕಾಯಿಲೆ ಮರುಕಳಿಸುವುದು ತಪ್ಪುತ್ತದೆಯೇ, ಔಷಧಿ ಕಡಿಮೆಯಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಹೊಳೆದಂಡೆ

ನಾನು ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಕರುಳಿನ ಉರಿಯೂತದ ಕಾಯಿಲೆ (ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಇದರಲ್ಲಿ ಸೇರುತ್ತವೆ) ಇರುವವರೊಂದಿಗೇ ಹೆಚ್ಚಾಗಿ ಕೆಲಸ ಮಾಡುತ್ತೇನೆ. ನಿಮ್ಮ ಮೊದಲ ಪ್ರಶ್ನೆಗೆ ನೇರವಾದ ಉತ್ತರ: ಅಲ್ಲ, ನಿಮ್ಮ ಕಾಯಿಲೆ ಮನಸ್ಸಿನದಲ್ಲ.

ಆದರೆ ನಿಮಗಾದ ನೋವಿಗೆ ಒಂದು ಇತಿಹಾಸವಿದೆ ಎಂಬುದನ್ನು ಹೇಳಲೇಬೇಕು. 20ನೇ ಶತಮಾನದ ನಡುಭಾಗದಲ್ಲಿ ಷಿಕಾಗೊದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಅವರ ಸಹೋದ್ಯೋಗಿಗಳು ಏಳು ಕಾಯಿಲೆಗಳನ್ನು ಮನೋದೈಹಿಕ, ಅಂದರೆ ಮನಸ್ಸಿನಿಂದ ದೇಹಕ್ಕೆ ಬರುವಂಥವು, ಎಂದು ವರ್ಗೀಕರಿಸಿದ್ದರು. ಆಸ್ತಮಾ, ಜಠರದ ಹುಣ್ಣು, ರುಮಟಾಯ್ಡ್ ಸಂಧಿವಾತಗಳೊಂದಿಗೆ ಅಲ್ಸರೇಟಿವ್ ಕೊಲೈಟಿಸ್ ಕೂಡ ಆ ಪಟ್ಟಿಯಲ್ಲಿತ್ತು. ಒಳಗೆ ಅದುಮಿಟ್ಟ ಭಾವನೆಗಳ ಸಂಘರ್ಷವೇ ಕರುಳನ್ನು ಹುಣ್ಣಾಗಿಸುತ್ತದೆ ಎಂದು ನಂಬಿ ವರ್ಷಗಟ್ಟಲೆ ರೋಗಿಗಳ ಬಾಲ್ಯವನ್ನೂ ತಾಯಂದಿರನ್ನೂ ವಿಚಾರಣೆಗೆ ಒಳಪಡಿಸಿದವರಿದ್ದರು. ಅದೇ ಕಾಲದಲ್ಲಿ, 1955ರಲ್ಲಿ, ಇಂಗ್ಲೆಂಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ವೈದ್ಯರು ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಪಡೆದ ರೋಗಿಗಳು ಔಷಧಾಂಶವಿಲ್ಲದ ಮಾತ್ರೆ ಪಡೆದವರಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಚೇತರಿಸಿಕೊಂಡುದನ್ನು ತೋರಿಸಿದರು. ಉರಿಯೂತವನ್ನು ತಗ್ಗಿಸಿದರೆ ಕಾಯಿಲೆ ತಗ್ಗುತ್ತದೆ ಎಂಬುದು ಸ್ಪಷ್ಟವಾಯಿತು. ವಂಶವಾಹಿಗಳು, ಕರುಳಿನ ಸೂಕ್ಷ್ಮಜೀವಿಗಳು ಮತ್ತು ದಾರಿತಪ್ಪಿದ ರೋಗನಿರೋಧಕ ವ್ಯವಸ್ಥೆ ಕೂಡಿ ಈ ಕಾಯಿಲೆ ಹುಟ್ಟುತ್ತದೆ ಎಂಬುದು ಇಂದಿನ ತಿಳಿವಳಿಕೆ. ಹಳೆಯ ಸಿದ್ಧಾಂತವನ್ನು ವೈದ್ಯಶಾಸ್ತ್ರ ಕೈಬಿಟ್ಟಿತು, ಆದರೆ ಜನರ ನಾಲಿಗೆಯ ಮೇಲೆ ಅದು ಇನ್ನೂ ಉಳಿದಿದೆ. ನಿಮಗೆ ತಗುಲಿದ್ದು ಅದರ ಪೆಟ್ಟು.

ಹಾಗಾದರೆ ಮನಸ್ಸಿಗೂ ಕರುಳಿಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಅದು ಕಾರಣದ ಸಂಬಂಧವಲ್ಲ, ಎರಡು ದಿಕ್ಕಿನಲ್ಲಿಯೂ ಸಾಗುವ ಸಂವಹನದ ಸಂಬಂಧ. ಮಿದುಳನ್ನೂ ಕರುಳನ್ನೂ ಜೋಡಿಸುವ ವೇಗಸ್ ನರದ ಬಹುಪಾಲು ತಂತುಗಳು ಸುದ್ದಿಯನ್ನು ಒಯ್ಯುವುದು ಅಂಗಗಳಿಂದ ಮಿದುಳಿನ ಕಡೆಗೆ. ಆದ್ದರಿಂದ ಕರುಳು ನರಳಿದಾಗ ಮನಸ್ಸು ಕಳವಳಗೊಳ್ಳುವುದು ದೌರ್ಬಲ್ಯವಲ್ಲ, ಶರೀರದ ರಚನೆಯೇ ಹಾಗಿದೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಕರುಳಿನ ಉರಿಯೂತದ ಕಾಯಿಲೆಯಿರುವ ಸುಮಾರು ಮೂವರಲ್ಲಿ ಒಬ್ಬರಿಗೆ ಆತಂಕದ ಲಕ್ಷಣಗಳೂ ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆಯ ಲಕ್ಷಣಗಳೂ ಇರುತ್ತವೆ. ಕಾಯಿಲೆ ಕೆರಳಿರುವಾಗ ಆತಂಕವಿರುವವರ ಪ್ರಮಾಣ ಅರ್ಧವನ್ನು ದಾಟುತ್ತದೆ. ಇನ್ನೊಂದೆಡೆ, ಕೆನಡಾದ ಮ್ಯಾನಿಟೋಬಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒತ್ತಡ ಹೆಚ್ಚಿದ್ದವರಿಗೆ ಕಾಯಿಲೆಯ ಲಕ್ಷಣಗಳೂ ಹೆಚ್ಚಿದ್ದವು, ಆದರೆ ಒತ್ತಡಕ್ಕೂ ಮಲದ ಪರೀಕ್ಷೆಯಲ್ಲಿ ಅಳೆದ ಉರಿಯೂತಕ್ಕೂ ಅಂಥ ನಂಟು ಕಾಣಲಿಲ್ಲ. ಅಂದರೆ ಒತ್ತಡದಲ್ಲಿರುವವರ ಹೊಟ್ಟೆನೋವು ನಿಜ, ಶೌಚದ ಅವಸರ ನಿಜ, ಆದರೆ ಅದು ಪ್ರತಿಬಾರಿಯೂ ಹುಣ್ಣಿನ ಗುರುತಲ್ಲ.

ನಿಮ್ಮ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಇದು. ಮೂರು ವರ್ಷ ನಿಮ್ಮ ಭಯ ಸರಿಯಾಗಿಯೇ ಇತ್ತು. ಹತ್ತು ಹನ್ನೆರಡು ಸಲ ಓಡಬೇಕಾದವರು ಬಾಗಿಲ ಬಳಿ ಕೂರುವುದು ವಿವೇಕ. ಆ ದಿನಗಳಲ್ಲಿ ನಿಮ್ಮನ್ನು ಕಾಪಾಡಿದ ಅಭ್ಯಾಸಗಳು ಕರುಳು ಮಾಗಿದ ಮೇಲೂ ಹಾಗೆಯೇ ಮುಂದುವರಿದಿವೆ, ಏಕೆಂದರೆ ಪರಿಸ್ಥಿತಿ ಬದಲಾಗಿದೆ ಎಂಬುದನ್ನು ಅವುಗಳಿಗೆ ಯಾರೂ ತೋರಿಸಿಕೊಟ್ಟಿಲ್ಲ. ಉಪವಾಸವಿದ್ದು ಹೊರಗೆ ಹೋಗಿ ಏನೂ ಆಗದೆ ಮರಳಿದಾಗ, ಉಪವಾಸವಿದ್ದುದರಿಂದಲೇ ಉಳಿದುಕೊಂಡೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಕರುಳು ಮಾಗಿರುವುದರಿಂದ ಉಳಿದುಕೊಂಡೆ ಎಂಬುದು ಅದಕ್ಕೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ಆ ಸಂದರ್ಭವನ್ನು ಸಣ್ಣ ಸಣ್ಣ ಹೆಜ್ಜೆಗಳಲ್ಲಿ, ನಿಮ್ಮ ಒಪ್ಪಿಗೆಯಿಂದ ಒದಗಿಸುವುದು ಅರಿವಿನ ವರ್ತನಾ ಚಿಕಿತ್ಸೆಯ, ಅಂದರೆ ಎಲ್ಲರೂ ಸಿಬಿಟಿ ಎಂದು ಕರೆಯುವ ಪದ್ಧತಿಯ ತಿರುಳು. ಮುಂದೆ ಏನಾಗುತ್ತದೋ ಎಂಬ ಅನಿಶ್ಚಯವೇ ಹೆಚ್ಚು ಕಾಡುವವರಿಗೆ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ ಹೊಂದಿಕೊಳ್ಳಬಹುದು. ಭಯ ಪೂರ್ತಿ ಹೋದ ಮೇಲೆ ಬದುಕೋಣ ಎಂದು ಕಾಯದೆ, ಭಯವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತನಗೆ ಬೆಲೆಯುಳ್ಳ ಕೆಲಸಗಳ ಕಡೆಗೆ ನಡೆಯುವುದನ್ನು ಅದು ಕಲಿಸುತ್ತದೆ.

ಇನ್ನು ಫಲಿತಾಂಶದ ಬಗ್ಗೆ ಹೆಚ್ಚಿನ ಭರವಸೆ ಕೊಡಲಾರೆ. ಅನೇಕ ಪ್ರಯೋಗಗಳ ಪುರಾವೆಯನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2011ರ ಪರಾಮರ್ಶೆಯು, ಈ ಕಾಯಿಲೆಯಿರುವ ವಯಸ್ಕರೆಲ್ಲರಿಗೂ, ಸಂಕಟವಿದೆಯೇ ಇಲ್ಲವೇ ಎಂದು ನೋಡದೆ, ಮನೋಚಿಕಿತ್ಸೆ ಕೊಟ್ಟರೆ ಪ್ರಯೋಜನವಾಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲವೆಂದಿತು. ಹದಿಹರೆಯದವರಿಗೆ ಉಪಯೋಗವಾಗಬಹುದು ಎಂದಿತು. ಸಂಕಟವೇ ಇಲ್ಲದವರಿಗೆ ಸಂಕಟದ ಚಿಕಿತ್ಸೆ ಕೊಟ್ಟರೆ ಫಲ ಕಾಣದಿರುವುದು ಸಹಜವೇ. 2019ರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನದಲ್ಲಿ ಎಂಟು ವಾರಗಳ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ ಪಡೆದವರ ಒತ್ತಡ ಗಮನಾರ್ಹವಾಗಿ ತಗ್ಗಿತು, ಆದರೆ ಉರಿಯೂತದ ಅಳತೆಗಳಲ್ಲಿ ವ್ಯತ್ಯಾಸವಾಗಲಿಲ್ಲ. ಮರುಕಳಿಸುವುದನ್ನು ತಡೆಯಲೆಂದು ಇದಕ್ಕೆ ಬರಬೇಡಿ. ಔಷಧಿಯ ಪ್ರಮಾಣವನ್ನು ನಿರ್ಧರಿಸುವವರು ನಿಮ್ಮ ಕರುಳಿನ ವೈದ್ಯರು; ಮನಸ್ಸು ಹಗುರವಾಯಿತೆಂದು ಒಂದು ಮಾತ್ರೆಯನ್ನೂ ತಪ್ಪಿಸಬಾರದು.

ಉತ್ತರ 2: ಎರಡನೇಚಿಗುರು

ನನಗಿರುವುದು ಕ್ರೋನ್ಸ್ ಕಾಯಿಲೆ, ಅಂದರೆ ಜೀರ್ಣಾಂಗದ ಯಾವ ಭಾಗದಲ್ಲಿಯಾದರೂ ಆಗಬಹುದಾದ ಉರಿಯೂತ. ಸಣ್ಣ ಕರುಳಿನ ಕೊನೆಯ ಭಾಗವನ್ನು ಕತ್ತರಿಸಿ ತೆಗೆದಿದ್ದಾರೆ. ಎರಡು ವರ್ಷಗಳ ಹಿಂದೆ ಹನ್ನೆರಡು ವಾರ ಮನೋಚಿಕಿತ್ಸೆ ಪಡೆದೆ. ಅಲ್ಲಿ ಏನು ಮಾಡಿಸುತ್ತಾರೆ ಎಂದು ಕೇಳಿದ್ದೀರಿ, ನನಗಾದುದನ್ನು ಹೇಳುತ್ತೇನೆ.

ಮೊದಲ ಎರಡು ಭೇಟಿಗಳಲ್ಲಿ ನನ್ನ ಮನೋಚಿಕಿತ್ಸಕಿ ಹೆಚ್ಚು ಮಾತನಾಡಲೇ ಇಲ್ಲ. ನನ್ನ ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಹೇಗೆ ಸಾಗುತ್ತದೆ ಎಂಬುದನ್ನು ಗಂಟೆಗಂಟೆಯಾಗಿ ಕೇಳಿದರು. ಕಾಯಿಲೆ ಬಂದ ಮೇಲೆ ಯಾರೂ ಅಷ್ಟು ವಿವರವಾಗಿ ಕೇಳಿರಲಿಲ್ಲ. ಮಲ, ವಾಸನೆ, ಬಟ್ಟೆ ಹಾಳಾಗುವುದು, ದಾಂಪತ್ಯ, ಇವುಗಳನ್ನು ಮುಖ ಸಿಂಡರಿಸದೆ ಕೇಳಿಸಿಕೊಳ್ಳುವ ಒಬ್ಬರು ಎದುರಿಗೆ ಕುಳಿತಿದ್ದಾರೆ ಎಂಬುದೇ ನನಗೆ ಅರ್ಧ ಚಿಕಿತ್ಸೆಯಾಗಿತ್ತು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದರು: ಎಲ್ಲಿದ್ದೆ, ಹೊಟ್ಟೆಯಲ್ಲಿ ಏನನ್ನಿಸಿತು, ತಲೆಯಲ್ಲಿ ಯಾವ ಮಾತು ಓಡಿತು, ಏನು ಮಾಡಿದೆ, ಕೊನೆಗೆ ಏನಾಯಿತು. ಮೂರು ವಾರದ ಬರಹವನ್ನು ತಿರುವಿ ನೋಡಿದಾಗ, ತಡೆದುಕೊಳ್ಳಲಾರೆ ಎಂದು ನಾನು ಬರೆದಿದ್ದ ಇಪ್ಪತ್ತಕ್ಕೂ ಹೆಚ್ಚು ಸಂದರ್ಭಗಳಲ್ಲಿ ನಿಜಕ್ಕೂ ತಡೆದುಕೊಳ್ಳಲಾಗದಿದ್ದುದು ಒಂದೇ ಒಂದು.

ಆ ಒಂದರ ಬಗ್ಗೆಯೇ ನಾವು ಬಹಳ ಹೊತ್ತು ಮಾತನಾಡಿದೆವು. ಹಾಗಾಗುವುದಿಲ್ಲ ಬಿಡಿ ಎಂದು ಆಕೆ ನನಗೆ ಎಂದೂ ಹೇಳಲಿಲ್ಲ. ಹೇಳಿದ್ದರೆ ನಾನು ನಂಬುತ್ತಲೂ ಇರಲಿಲ್ಲ, ಏಕೆಂದರೆ ಹಿಂದೆ ಹಾಗಾಗಿತ್ತು. ಬದಲಿಗೆ, ಆಯಿತು ಎಂದೇ ಇಟ್ಟುಕೊಳ್ಳೋಣ, ಆಮೇಲೆ ಏನು ಮಾಡುವಿರಿ ಎಂದು ಕೇಳಿದರು. ಅಲ್ಲಿಯವರೆಗೆ ನನ್ನ ಕಲ್ಪನೆ ಆ ಕ್ಷಣದಲ್ಲಿಯೇ ನಿಂತುಹೋಗುತ್ತಿತ್ತು, ಅದರಾಚೆಗೆ ಒಂದು ಗಂಟೆ ಇದೆ, ಒಂದು ಸಂಜೆ ಇದೆ ಎಂಬುದು ಕಾಣುತ್ತಿರಲಿಲ್ಲ. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಒದ್ದೆ ಟಿಶ್ಯೂ, ಮುಚ್ಚಿಡಲು ಒಂದು ಚೀಲ, ನಿಜ ಹೇಳಿ ಮನೆಗೆ ಹೊರಡಬಹುದಾದ ಒಬ್ಬ ಸಹೋದ್ಯೋಗಿ. ಇಷ್ಟನ್ನು ಸಿದ್ಧಪಡಿಸಿಕೊಂಡ ಮೇಲೆ ಆ ದೃಶ್ಯ ಭಯಂಕರವಾಗಿ ಉಳಿಯಲಿಲ್ಲ, ಮುಜುಗರದ್ದಾಗಿ ಉಳಿಯಿತು. ಮುಜುಗರವನ್ನು ಮನುಷ್ಯ ಹೊರಬಲ್ಲ.

ನಂತರ ಹೆಜ್ಜೆಗಳು. ಮೊದಲು ಸ್ವಲ್ಪ ತಿಂದು ಮನೆಯ ಸುತ್ತಲೇ ಹತ್ತು ನಿಮಿಷ ನಡೆಯುವುದು. ಆಮೇಲೆ ತಿಂದು ಅಂಗಡಿಗೆ ಹೋಗಿ ಬರುವುದು. ಆಮೇಲೆ ಸಾಲಿನ ನಡುವಿನ ಕುರ್ಚಿಯಲ್ಲಿ ಅರ್ಧ ಗಂಟೆ ಕೂರುವುದು. ಪ್ರತಿ ಹೆಜ್ಜೆಯ ಮೊದಲು ಏನಾಗುತ್ತದೆ ಎಂದು ಊಹಿಸಿ ಬರೆಯುವುದು, ಆದ ಮೇಲೆ ಏನಾಯಿತೆಂದು ಬರೆಯುವುದು. ಹೊಟ್ಟೆಯವರೆಗೆ ಉಸಿರೆಳೆದು ನಿಧಾನವಾಗಿ ಬಿಡುವ ಅಭ್ಯಾಸವನ್ನೂ ಕಲಿಸಿದರು. ಬಟ್ಟೆಯ ಬ್ಯಾಗನ್ನು ನಾನು ಇಂದಿಗೂ ಒಯ್ಯುತ್ತೇನೆ. ಅದನ್ನು ಬಿಡಬೇಕೇ ಎಂದು ಕೇಳಿದ್ದಕ್ಕೆ, ಆ ಬ್ಯಾಗು ನಿಮ್ಮನ್ನು ಹೊರಗೆ ಕರೆದೊಯ್ಯುತ್ತಿದ್ದರೆ ಇಟ್ಟುಕೊಳ್ಳಿ, ಮನೆಯಲ್ಲಿ ಕೂರಿಸುತ್ತಿದ್ದರೆ ಬಿಡಿ ಎಂದರು.

ಒಂಬತ್ತನೆಯ ವಾರ ಕಾಯಿಲೆ ಕೆರಳಿತು. ಮನೋಚಿಕಿತ್ಸೆ ಅದನ್ನು ತಡೆಯಲಿಲ್ಲ, ಅದನ್ನು ಮುಚ್ಚಿಡಬಾರದು. ಆದರೆ ಹಿಂದೆಲ್ಲ ಕೆರಳಿದಾಗ ಪರೀಕ್ಷೆಯ ಫಲಿತಾಂಶಕ್ಕೆ ಹೆದರಿ ಒಂದೆರಡು ತಿಂಗಳು ಯಾರಿಗೂ ಹೇಳದೆ ನರಳುತ್ತಿದ್ದವನು, ಈ ಸಲ ಮೂರನೆಯ ದಿನವೇ ಆಸ್ಪತ್ರೆಗೆ ಫೋನ್ ಮಾಡಿದೆ. ಚಿಕಿತ್ಸೆ ಬೇಗ ಆರಂಭವಾಯಿತು. ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಇದೇ.

ಉತ್ತರ 3: ಮರಳುದಾರಿ

ನನ್ನ ಅನುಭವ ಇದಕ್ಕೆ ವಿರುದ್ಧವಾದದ್ದು, ಆದ್ದರಿಂದಲೇ ಬರೆಯುತ್ತಿದ್ದೇನೆ. ನಾನು ಹೋದ ಮನೋಚಿಕಿತ್ಸಕರಿಗೆ ಅಲ್ಸರೇಟಿವ್ ಕೊಲೈಟಿಸ್ ಎಂದರೆ ಏನೆಂದೇ ತಿಳಿದಿರಲಿಲ್ಲ. ಅದನ್ನು ಕರುಳಿನ ಕಿರಿಕಿರಿಯ ತೊಂದರೆ, ಅಂದರೆ ಹುಣ್ಣಿಲ್ಲದೆಯೇ ಹೊಟ್ಟೆನೋವು, ಭೇದಿ ಕಾಡುವ ಐಬಿಎಸ್ ಎಂದೇ ಭಾವಿಸಿದ್ದರು. ಯಾರ ಮೇಲಿನ ಸಿಟ್ಟನ್ನು ನುಂಗಿಕೊಂಡಿದ್ದೀರಿ ಎಂದು ಮತ್ತೆ ಮತ್ತೆ ಕೇಳಿದರು, ಕ್ರಮವಾಗಿ ಧ್ಯಾನ ಮಾಡಿದರೆ ಮಾತ್ರೆಗಳ ಅಗತ್ಯವೇ ಬೀಳುವುದಿಲ್ಲ ಎಂದರು. ಆಸೆಗೆ ಬಿದ್ದು ಆರು ವಾರ ಔಷಧಿ ಬಿಟ್ಟೆ, ಎಂಟನೆಯ ವಾರ ಆಸ್ಪತ್ರೆಯ ಹಾಸಿಗೆಯ ಮೇಲಿದ್ದೆ. ಅದಕ್ಕಿಂತ ಹೆಚ್ಚು ನೋಯಿಸಿದ್ದು, ಸರಿಯಾಗಿ ಧ್ಯಾನ ಮಾಡದಿದ್ದುದರಿಂದಲೇ ಹೀಗಾಯಿತು ಎಂದು ನನ್ನನ್ನೇ ನಾನು ದೂಷಿಸಿಕೊಂಡ ತಿಂಗಳುಗಳು.

ಮನೋಚಿಕಿತ್ಸೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲ ಭೇಟಿಯಲ್ಲಿಯೇ ನೀವು ಅವರನ್ನು ಪರೀಕ್ಷಿಸಿ. ಕರುಳಿನ ಉರಿಯೂತದ ಕಾಯಿಲೆಗೂ ಐಬಿಎಸ್‌ಗೂ ಇರುವ ವ್ಯತ್ಯಾಸವೇನು ಎಂದು ಕೇಳಿ. ಇಂಥ ಎಷ್ಟು ಜನರನ್ನು ನೋಡಿದ್ದೀರಿ, ಬೇಕಾದರೆ ನನ್ನ ವೈದ್ಯರೊಂದಿಗೆ ಮಾತನಾಡುವಿರಾ ಎಂದು ಕೇಳಿ. ಗೊತ್ತಿಲ್ಲ, ಓದಿ ತಿಳಿದುಕೊಳ್ಳುತ್ತೇನೆ ಎನ್ನುವವರನ್ನು ನಂಬಬಹುದು. ಔಷಧಿ ಬಿಡಿಸುತ್ತೇನೆ ಎನ್ನುವವರ ಮುಂದಿನಿಂದ ಎದ್ದು ಬನ್ನಿ.

ಉತ್ತರ 4: ಬಿಳಿಕೋಟು

ಮೇಲಿನ ಮೂರೂ ಉತ್ತರಗಳನ್ನು ಓದಿದೆ. ನಾನು ಜೀರ್ಣಾಂಗ ರೋಗಗಳ ವಿಭಾಗದ ವೈದ್ಯ. ಉತ್ತರ 3 ಬರೆದವರಿಗೆ ಆದುದು ಆಗಬಾರದಿತ್ತು, ಅದರಲ್ಲಿ ಅವರ ತಪ್ಪು ಏನೂ ಇಲ್ಲ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಮನೋಚಿಕಿತ್ಸೆಗೆ ಹೋಗುವುದರ ಜೊತೆಗೇ ದೇಹದ ಕೆಲವು ಸಂಗತಿಗಳನ್ನೂ ನೋಡಿಸಿಕೊಳ್ಳಿ. ಕಬ್ಬಿಣದ ಕೊರತೆಯಿಂದಾಗುವ ರಕ್ತಹೀನತೆ ಈ ಕಾಯಿಲೆಯಲ್ಲಿ ಬಹಳ ಸಾಮಾನ್ಯ. ಅದರಿಂದಾಗುವ ಆಯಾಸ ಮತ್ತು ಎದೆಬಡಿತವನ್ನು ಖಿನ್ನತೆ ಅಥವಾ ಆತಂಕ ಎಂದು ತಪ್ಪಾಗಿ ತಿಳಿಯುವುದುಂಟು. ಸಣ್ಣ ಕರುಳಿನ ಕೊನೆಯ ಭಾಗ ತೆಗೆಸಿಕೊಂಡವರಿಗೆ ಜೀವಸತ್ವ ಬಿ12ರ ಕೊರತೆಯಾಗಬಹುದು, ಅದೂ ಮನಸ್ಸನ್ನು ಮಂಕಾಗಿಸುತ್ತದೆ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್‌ಗಳು ನಿದ್ದೆಗೆಡಿಸುತ್ತವೆ, ಕೆಲವರಲ್ಲಿ ಮನಸ್ಸನ್ನು ವಿಪರೀತ ಏರುಪೇರು ಮಾಡುತ್ತವೆ. ಸ್ಟೀರಾಯ್ಡ್ ಮೇಲಿದ್ದಾಗ ತನಗೆ ಹುಚ್ಚು ಹಿಡಿಯುತ್ತಿದೆಯೇನೋ ಎಂದು ಹೆದರಿ, ನಾಚಿಕೆಯಿಂದ ಯಾರಿಗೂ ಹೇಳದೆ ಇದ್ದ ರೋಗಿಗಳನ್ನು ಕಂಡಿದ್ದೇನೆ. ದಯವಿಟ್ಟು ಹೇಳಿ, ಅದು ನಮಗೆ ಗೊತ್ತಿರುವ ಅಡ್ಡಪರಿಣಾಮ.

ಇನ್ನೊಂದು ಸಾಧ್ಯತೆಯೂ ಇದೆ. ಉರಿಯೂತ ಶಮನವಾಗಿರುವವರಲ್ಲಿಯೂ ಸುಮಾರು ಮೂರನೆಯ ಒಂದು ಭಾಗದಷ್ಟು ಜನರಿಗೆ ಐಬಿಎಸ್ ರೀತಿಯ ನೋವು, ಅವಸರ, ಭೇದಿ ಮುಂದುವರಿಯುತ್ತವೆ. ದೀರ್ಘಕಾಲ ಉರಿದ ಕರುಳಿನ ನರಗಳು ಸಾಮಾನ್ಯ ಚಲನೆಯನ್ನೂ ನೋವೆಂದು ಗ್ರಹಿಸುವಷ್ಟು ಸೂಕ್ಷ್ಮವಾಗುತ್ತವೆ. ಇಂಥವರಿಗೆ ಔಷಧಿಯ ಪ್ರಮಾಣ ಏರಿಸಿದರೆ ಪ್ರಯೋಜನವಿಲ್ಲ. ಮಿದುಳು ಮತ್ತು ಕರುಳಿನ ನಡುವಿನ ಸಂವಹನವನ್ನು ಸರಿಪಡಿಸುವ ಚಿಕಿತ್ಸೆ ಬೇಕು. ಕರುಳನ್ನು ಗುರಿಯಾಗಿಸಿದ ಸಮ್ಮೋಹನ ಚಿಕಿತ್ಸೆ ಹುಟ್ಟಿದ್ದು ಹೀಗೆ. ಮ್ಯಾಂಚೆಸ್ಟರಿನ ಪೀಟರ್ ವೊರ್ವೆಲ್ ಮತ್ತು ಸಂಗಡಿಗರು 1984ರಲ್ಲಿ, ಬೇರೆ ಯಾವ ಚಿಕಿತ್ಸೆಗೂ ಬಗ್ಗದ ಐಬಿಎಸ್ ಇದ್ದ 30 ಜನರ ಮೇಲೆ ಅದನ್ನು ಪರೀಕ್ಷಿಸಿ ಒಳ್ಳೆಯ ಫಲ ಕಂಡರು. ಹೆಸರು ಕೇಳಿ ವೇದಿಕೆಯ ಮೇಲಿನ ಪ್ರದರ್ಶನವೆಂದು ಭಾವಿಸಬೇಡಿ. ಗಾಢವಾದ ವಿಶ್ರಾಂತಿಯಲ್ಲಿ, ಪೂರ್ಣ ಎಚ್ಚರದಲ್ಲಿಯೇ, ಕರುಳು ಶಾಂತವಾಗಿ ಹರಿಯುವ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳುವ ಅಭ್ಯಾಸ ಅದು.

ಆದರೆ ಮಲದಲ್ಲಿ ರಕ್ತ, ಜ್ವರ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಆತಂಕವಿರಬಹುದು ಎಂದುಕೊಂಡು ಕಾಯಬೇಡಿ, ಮೊದಲು ನಮ್ಮ ಬಳಿಗೆ ಬನ್ನಿ. ಹಾಗೆಯೇ ಬದುಕುವುದೇ ಬೇಡ ಎಂಬ ಯೋಚನೆ ಯಾರಿಗಾದರೂ ಬರುತ್ತಿದ್ದರೆ, ಅದು ಮುಂದಿನ ತಿಂಗಳ ಭೇಟಿಗೆ ಕಾಯುವ ವಿಷಯವಲ್ಲ. ಅಂದೇ ಯಾರಿಗಾದರೂ ಹೇಳಿ, ಅಂದೇ ವೈದ್ಯರನ್ನು ಕಾಣಿ.

ಮುಂಜಾವು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ವರ್ಷ ನಿಮ್ಮ ಭಯ ಸರಿಯಾಗಿಯೇ ಇತ್ತು ಎಂಬ ಸಾಲನ್ನು ಓದಿ ಬಹಳ ಹೊತ್ತು ಅತ್ತೆ. ಆರು ವರ್ಷಗಳಲ್ಲಿ ನನಗೆ ಯಾರೂ ಆ ಮಾತು ಹೇಳಿರಲಿಲ್ಲ. ವೈದ್ಯರು ಸೂಚಿಸಿದ ಮನಶ್ಶಾಸ್ತ್ರಜ್ಞರಿಗೆ ಇಂದು ಫೋನ್ ಮಾಡಿ, ಉತ್ತರ 3ರಲ್ಲಿದ್ದ ಪ್ರಶ್ನೆಗಳನ್ನೇ ಕೇಳಿದೆ. ಅವರು ತಾಳ್ಮೆಯಿಂದ ಉತ್ತರಿಸಿದರು, ನನ್ನ ವೈದ್ಯರ ಜೊತೆ ಮಾತನಾಡಲೂ ಒಪ್ಪಿದರು. ಮುಂದಿನ ವಾರ ಮೊದಲ ಭೇಟಿ. ಹಿಮೋಗ್ಲೋಬಿನ್ ಮತ್ತು ಕಬ್ಬಿಣದ ಅಂಶದ ಪರೀಕ್ಷೆಗೂ ಹೇಳಿದ್ದೇನೆ.

ಒಂದು ಸಂದೇಹ ಉಳಿದಿದೆ. ನಡುವೆ ನನಗೂ ಕಾಯಿಲೆ ಕೆರಳಿದರೆ ಮನೋಚಿಕಿತ್ಸೆಯನ್ನು ನಿಲ್ಲಿಸಬೇಕೇ?

ಹೊಳೆದಂಡೆ

ನಿಲ್ಲಿಸಬೇಡಿ, ಆದರೆ ತಕ್ಷಣ ಅವರಿಗೆ ತಿಳಿಸಿ. ಆ ವಾರಗಳಲ್ಲಿ ತಿಂದು ಹೊರಗೆ ಹೋಗುವಂಥ ಹೆಜ್ಜೆಗಳನ್ನು ಬದಿಗಿಡುತ್ತೇವೆ. ಕರುಳು ನಿಜಕ್ಕೂ ಕೆರಳಿರುವಾಗ ಬಾಗಿಲ ಬಳಿ ಕೂರುವುದೇ ಸರಿ. ಭೇಟಿಗಳನ್ನು ಫೋನ್ ಅಥವಾ ವಿಡಿಯೋ ಕರೆಗೆ ಬದಲಾಯಿಸಿಕೊಳ್ಳಬಹುದು, ಅರ್ಧ ಗಂಟೆಗೆ ಇಳಿಸಬಹುದು, ಮಾತಿನ ನಡುವೆ ಎದ್ದು ಹೋಗಬೇಕಾದರೆ ಹೋಗಿ ಬರಬಹುದು. ಆಗಿನ ಕೆಲಸವೇ ಬೇರೆ: ನಿದ್ದೆ, ನೋವು, ಮನೆಯವರಿಗೆ ಏನು ಹೇಳುವುದು, ಕಚೇರಿಗೆ ಎಷ್ಟು ಹೇಳುವುದು. ಕೆರಳಿದ್ದು ಇಳಿದ ಮೇಲೆ ಬಿಟ್ಟ ಹೆಜ್ಜೆಯಿಂದಲ್ಲ, ಅದಕ್ಕಿಂತ ಒಂದೆರಡು ಹೆಜ್ಜೆ ಹಿಂದಿನಿಂದ ಮತ್ತೆ ಆರಂಭಿಸುತ್ತೇವೆ. ಎರಡನೆಯ ಸಲ ಆ ದೂರವನ್ನು ಹೆಚ್ಚಿನವರು ಬೇಗ ಕ್ರಮಿಸುವುದನ್ನು ನೋಡಿದ್ದೇನೆ. ಮೊದಲ ಭೇಟಿಗೆ ಹೋಗುವಾಗ ನೀವು ಇಲ್ಲಿ ಬರೆದ ಪ್ರಶ್ನೆಯನ್ನೇ ಮುದ್ರಿಸಿಕೊಂಡು ಹೋಗಿ, ಅಲ್ಲಿ ಮತ್ತೆ ಮೊದಲಿನಿಂದ ಹೇಳುವ ಶ್ರಮ ತಪ್ಪುತ್ತದೆ.